ಪ್ರೋಟೀನ್ ತಯಾರಿ, ಸಾಗಣೆ ನೆನಪಿಟ್ಟುಕೊಳ್ಳಲು ಸುಲಭ ಸೂತ್ರ ಇದೆಯಾ?

ಸಿಂಧನೂರಿನಲ್ಲಿ ದ್ವಿತೀಯ ಪಿಯು ಓದುತ್ತಾ ನೀಟ್‌ಗಾಗಿ ಸೂತ್ರ ಕೇಳಿದ್ದೀರಿ. ಸೂತ್ರ ಬೇಡ. ನನ್ನ ಹತ್ತಿರ ಒಂದಿತ್ತು, ಅದೇ ನನ್ನ ಕೆಲಸ ಕಳೆಯಿತು.

ಬಳ್ಳಾರಿಯಲ್ಲಿ ಎಂಎಸ್ಸಿ ಮುಗಿಸಿ ರಾಯಚೂರಿನ ಒಂದು ಖಾಸಗಿ ಪಿಯು ಕಾಲೇಜಿಗೆ ಡೆಮೊ ಕ್ಲಾಸ್ ಕೊಡಲು ಹೋಗಿದ್ದೆ. ಹಿಂದಿನ ಬೆಂಚಿನಲ್ಲಿ ಪ್ರಾಂಶುಪಾಲರು. ಬೋರ್ಡ್ ಮೇಲೆ ಠೀವಿಯಿಂದ ಬರೆದೆ: ರೈಬೋಸೋಮ್, ಬಾಣ, ಇಆರ್, ಬಾಣ, ಗಾಲ್ಗಿ, ಬಾಣ, ಹೊರಗೆ. ರೈಬೋಸೋಮ್ ಅಂದರೆ ಪ್ರೋಟೀನು ತಯಾರಿಸುವ ಕಣ, ಇಆರ್ ಅಂದರೆ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಂ ಅನ್ನುವ ಪೊರೆಜಾಲ, ಗಾಲ್ಗಿ ಅಂದರೆ ಪ್ರೋಟೀನನ್ನು ವಿಂಗಡಿಸಿ ಕಳಿಸುವ ಚೀಲಗಳ ಅಟ್ಟಿ. ಎಲ್ಲ ಪ್ರೋಟೀನಿಗೂ ಇದೇ ದಾರಿ ಅಂದುಬಿಟ್ಟೆ. ಒಬ್ಬ ಹುಡುಗಿ ಎದ್ದು, "ಸರ್, ಹಿಮೋಗ್ಲೋಬಿನ್ ಕೆಂಪು ಕಣದೊಳಗೇ ಇರ್ತೈತಲ್ರಿ? ಅದು ಗಾಲ್ಗಿಗೆ ಯಾಕ ಹೋಗ್ಬೇಕ್ರಿ?" ಅಂದಳು. ಗಾಲ್ಗಿಗೆ ಹೋಗಿ ವಾಪಸ್ ಬರುತ್ತೆ ಅಂತ ಏನೋ ತೇಪೆ ಹಚ್ಚಿದೆ. ಪ್ರಾಂಶುಪಾಲರು ಪೆನ್ನಿಗೆ ಕ್ಯಾಪ್ ಹಾಕಿದರು. ಆ ವರ್ಷ ಮನೆಮನೆ ಟ್ಯೂಷನ್ನೇ ಗತಿಯಾಯಿತು.

ಎಡವಿದ್ದು ಎಲ್ಲಿ ಅಂತ ಬಿಡಿಸಿ ಹೇಳುತ್ತೇನೆ. ಪಠ್ಯದಲ್ಲಿ ತಪ್ಪಿರಲಿಲ್ಲ. ಇಆರ್ ಮೇಲೆ ಕೂತ ರೈಬೋಸೋಮ್‌ಗಳು ಮಾಡಿದ ಪ್ರೋಟೀನು ಗಾಲ್ಗಿಗೆ ಹೋಗುತ್ತದೆ ಅಂತಲೇ ಇತ್ತು. ನೋಟ್ಸ್ ಬರೆಯುವಾಗ ‘ಇಆರ್ ಮೇಲೆ ಕೂತ’ ಅನ್ನುವುದನ್ನು ನಾನು ಹಾರಿಸಿದ್ದೆ. ಬರೀ ಜಾಗ ಉಳಿಸೋಕೆ! ಜೊತೆಗೆ, ಜೀವಕೋಶದ ಪಾಠ ಪ್ರಥಮ ಪಿಯುನಲ್ಲಿ, ಟ್ರಾನ್ಸ್‌ಲೇಷನ್, ಅಂದರೆ ರೈಬೋಸೋಮ್ ಪ್ರೋಟೀನು ಕಟ್ಟುವ ಪಾಠ, ದ್ವಿತೀಯದಲ್ಲಿ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಓದಿರಲೇ ಇಲ್ಲ. ಹಾಗಾಗಿ ಒಂದು ಪ್ರೋಟೀನು ಇಆರ್‌ಗೆ ಹೋಗಬೇಕೋ ಬೇಡವೋ ಅಂತ ಯಾವಾಗ ತೀರ್ಮಾನ ಆಗುತ್ತದೆ ಅನ್ನುವ ಪ್ರಶ್ನೆಯೇ ನನಗೆ ಹುಟ್ಟಿರಲಿಲ್ಲ.

ಆ ತೀರ್ಮಾನ ಪ್ರೋಟೀನಿನ ಅಮೈನೋ ಆಮ್ಲಗಳ ಸರಪಳಿ ಇನ್ನೂ ತಯಾರಾಗುತ್ತಿರುವಾಗಲೇ ಆಗುತ್ತದೆ. ಬಿಡಿ ರೈಬೋಸೋಮ್, ಇಆರ್ ರೈಬೋಸೋಮ್ ಅಂತ ಎರಡು ಜಾತಿ ಇಲ್ಲ. ಕೆಲಸ ಶುರುವಾಗುವುದು ಸೈಟೋಪ್ಲಾಸಂನಲ್ಲೇ, ಅಂದರೆ ಕೋಶದೊಳಗಿನ ದ್ರವದಲ್ಲೇ. ಮೊದಲು ಹೊರಬರುವ ಸುಮಾರು 15ರಿಂದ 30 ಅಮೈನೋ ಆಮ್ಲಗಳ ತುದಿಯಲ್ಲಿ ಸಂಕೇತ ಇದ್ದರೆ, ಎಸ್‌ಆರ್‌ಪಿ ಅನ್ನುವ ಕಣ ಅದನ್ನು ಹಿಡಿದು ಇಡೀ ರೈಬೋಸೋಮನ್ನೇ ಇಆರ್‌ಗೆ ಎಳೆದೊಯ್ಯುತ್ತದೆ. ಪ್ರೋಟೀನುಗಳು ತಮ್ಮ ವಿಳಾಸವನ್ನು ತಾವೇ ಹೊತ್ತಿರುತ್ತವೆ ಅಂತ ತೋರಿಸಿದ್ದಕ್ಕೆ ಗುಂಟರ್ ಬ್ಲೋಬೆಲ್‌ಗೆ 1999ರಲ್ಲಿ ನೊಬೆಲ್ ಬಂತು. ಆ ಸಂಕೇತ ಇಲ್ಲದ್ದು ಸೈಟೋಪ್ಲಾಸಂನಲ್ಲೇ ಮುಗಿಯುತ್ತದೆ. ಹಿಮೋಗ್ಲೋಬಿನ್ನಿನ ಸರಪಳಿಗಳೂ ಹಾಗೆಯೇ. ನ್ಯೂಕ್ಲಿಯಸ್‌ಗೆ ಬೇಕಾದ್ದು, ಮೈಟೋಕಾಂಡ್ರಿಯಾಕ್ಕೆ ಬೇಕಾದ ಬಹುಪಾಲು ಅಲ್ಲಿಂದ ನೇರ ಹೋಗುತ್ತವೆ. ಗಾಲ್ಗಿಯ ಮುಖವನ್ನೂ ನೋಡುವುದಿಲ್ಲ.

ಹಾಗಾದರೆ ಆ ಬಾಣ ಸುಳ್ಳಾ? ಅಲ್ಲ. ಜಾರ್ಜ್ ಪಲಾಡೆ ತಂಡ ಗಿನಿಪಿಗ್‌ನ ಮೇದೋಜೀರಕ ಗ್ರಂಥಿಯ ಕೋಶಗಳಿಗೆ ವಿಕಿರಣಶೀಲ ಲ್ಯೂಸಿನ್ (ಒಂದು ಅಮೈನೋ ಆಮ್ಲ) ಸ್ವಲ್ಪ ಹೊತ್ತು ಕೊಟ್ಟು, ಅದು ಮೊದಲು ಇಆರ್‌ನಲ್ಲಿ, ಆಮೇಲೆ ಗಾಲ್ಗಿಯಲ್ಲಿ, ಕೊನೆಗೆ ಸ್ರವಿಕೆಯ ಕಣಗಳಲ್ಲಿ ಕಾಣುವುದನ್ನು ಹಿಂಬಾಲಿಸಿತು. ಪಲಾಡೆಗೆ 1974ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ಆದರೆ ಆ ಕೋಶದ ಕಸುಬೇ ಕಿಣ್ವ ಮಾಡಿ ಹೊರಗೆ ಕಳಿಸುವುದು. ನಿಮ್ಮೂರಿನ ರೈಸ್ ಮಿಲ್ಲಿನ ಹಾಗೆ ಕೋಶದಲ್ಲಿ ತಯಾರಾದದ್ದೆಲ್ಲ ಲಾರಿ ಹತ್ತುತ್ತದೆ ಅಂದುಕೊಂಡರೆ ಕೆಟ್ಟಿರಿ.

ಸೂತ್ರದ ಬದಲು ಎರಡು ಚಿತ್ರ ಅಕ್ಕಪಕ್ಕ ಬಿಡಿಸಿ. ಒಂದು ಹಿಮೋಗ್ಲೋಬಿನ್. ಇನ್ನೊಂದು ಇನ್ಸುಲಿನ್: ಶುರುವಿನಲ್ಲಿ 110 ಅಮೈನೋ ಆಮ್ಲ, ಇಆರ್‌ನಲ್ಲಿ 24ರ ಸಂಕೇತ ಕತ್ತರಿಸಿ 86, ಗಾಲ್ಗಿ ದಾಟಿದ ಚೀಲಗಳಲ್ಲಿ ನಡುವಿನ ತುಂಡು ಹೋಗಿ 51. ಆಮೇಲೆ ಕೋಶದೊಳಗಿನ ಜೀರ್ಣಚೀಲವಾದ ಲೈಸೋಸೋಮ್‌ನ ಕಿಣ್ವವನ್ನು ಸೇರಿಸಿ. ಗಾಲ್ಗಿವರೆಗೆ ಅದರದ್ದೂ ಇನ್ಸುಲಿನ್ ದಾರಿಯೇ. ಅಲ್ಲಿ ಮ್ಯಾನೋಸ್-6-ಫಾಸ್ಫೇಟ್ ಅನ್ನುವ ಸಕ್ಕರೆಯ ಗುರುತು ಬಿದ್ದ ಮೇಲೆ ಅದು ಹೊರಗೆ ಹೋಗದೆ ಕೋಶದ ಒಳಗಡೆಗೇ, ಲೈಸೋಸೋಮ್ ಕಡೆಗೆ ತಿರುಗುತ್ತದೆ.