ಸೇವೆಗೆ ಹೆಸರು ಕೊಡುವ ಮುಂಚೆ

ತಂಗಿ, ನಿನ್ನ ಮೆಸೇಜ್ ಓದಿದೆ. ನಮ್ಮ ಕೊಡಗಿನ ಸಿದ್ದಾಪುರದ ಹುಡುಗಿ ನರ್ಸ್ ಆಗಿ ಇಂಗ್ಲೆಂಡಿನ ಬ್ರಿಸ್ಟಲ್‌ಗೇ ಬಂದಿದ್ದಾಳೆ ಅಂತ ತಿಳಿದು ಖುಷಿಯಾಯಿತು. ನಾನು ವಿರಾಜಪೇಟೆಯವಳು, ಇಲ್ಲಿ ನೆಲೆಸಿ ತುಂಬಾ ವರ್ಷ ಆಯಿತು. ಇಲ್ಲಿಯ ಜೀವನ ಹೇಗೆ ಅಂತ ಕೇಳಿದ್ದೀಯ. ಅದಕ್ಕಿಂತ ಜಾಸ್ತಿ ನಿನ್ನನ್ನು ಕಾಡುತ್ತಿರುವುದು ಇನ್ನೊಂದು. ಬಂದ ಹೊಸದರಲ್ಲೇ ಚರ್ಚಿನ ಕೊಯರ್ (ಹಾಡುವ ತಂಡ), ಸಂಡೇ ಸ್ಕೂಲ್, ಶನಿವಾರದ ಇಂಡಿಯನ್ ಫೆಲೋಶಿಪ್‌ನ ಅಡುಗೆ, ಎಲ್ಲದಕ್ಕೂ ಕರೆ ಬರುತ್ತಿದೆ. "ದೇವರ ಸೇವೆ ಬಿಡಬೇಡ ಮಗಳೇ" ಅಂತ ಅಮ್ಮ ಫೋನಿನಲ್ಲಿ ಹೇಳುತ್ತಾರೆ. ಆದರೆ ಮನಸ್ಸಿಟ್ಟು ಪ್ರಾರ್ಥನೆ ಮಾಡಿ ಎಷ್ಟು ದಿನ ಆಯಿತೋ ನೆನಪಿಲ್ಲ, ಏನು ಮಾಡಲಿ ಅಂತ ಬರೆದಿದ್ದೀಯ.

ಇಲ್ಲಿಯ ಜೀವನದ ವಿಷಯ ಬೇಗ ಹೇಳಿಬಿಡುತ್ತೇನೆ. ಮೊದಲು ಓಸ್ಕಿ ಅನ್ನುವ ನರ್ಸಿಂಗ್ ಪ್ರಾಯೋಗಿಕ ಪರೀಕ್ಷೆ ಮುಗಿಸಿ, ಇಲ್ಲಿಯ ನರ್ಸುಗಳ ನೋಂದಣಿ ಮಂಡಳಿಯಾದ ಎನ್‌ಎಂಸಿಯ ನಂಬರ್ ತೆಗೆದುಕೋ. ಆಮೇಲೆ ಹನ್ನೆರಡು ಗಂಟೆಯ ಶಿಫ್ಟು, ಒಂದಷ್ಟು ನೈಟ್ ಡ್ಯೂಟಿ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕಕ್ಕೇ ಕತ್ತಲೆ. ಜೂನ್-ಜುಲೈಯಲ್ಲಿ ಬಿಸಿಲೇ ಕಾಣದ ಊರಿನವರು ನಾವು, ಅದೇನೂ ಹೆದರಿಸುವುದಿಲ್ಲ. ಆದರೆ ಅಲ್ಲಿ ಮಳೆ ಹೊಡೆಯುವಾಗ ಮನೆ ತುಂಬಾ ಜನ ಇರುತ್ತಿದ್ದರು. ಇಲ್ಲಿ ಒಂದು ರೂಮು, ಒಂದು ಹೀಟರ್.

ನೀನು ಎಲ್ಲದಕ್ಕೂ "ಹೂಂ" ಅನ್ನುತ್ತಿರುವುದೂ ಇದೇ ಕಾರಣಕ್ಕೆ ಅಂತ ನನಗೆ ಅನ್ನಿಸುತ್ತದೆ. ಊರಲ್ಲಿ ನೀನು ಯಾರ ಮಗಳು, ಯಾವ ತೋಟದ ಹತ್ತಿರದ ಮನೆ, ಸಭೆಯಲ್ಲಿ ಎಲ್ಲರಿಗೂ ಗೊತ್ತು. ಮಳೆಗೆ ರಸ್ತೆ ಕೆಟ್ಟು ಎರಡು ಭಾನುವಾರ ಆರಾಧನೆಗೆ ಹೋಗದಿದ್ದರೂ ನೀನು ಆ ಸಭೆಯವಳೇ. ಇಲ್ಲಿ ಯಾರಿಗೂ ನೀನು ಗೊತ್ತಿಲ್ಲ. ಕೆಲಸಕ್ಕೆ ಹೆಸರು ಕೊಟ್ಟ ತಕ್ಷಣ ಗೊತ್ತಾಗುತ್ತೀಯ. "ನಮ್ಮ ಕೊಯರ್ ಹುಡುಗಿ" ಆಗಿಬಿಡುತ್ತೀಯ. ವಾಟ್ಸಾಪ್ ಗುಂಪಿಗೆ ಸೇರಿಸುತ್ತಾರೆ, ಕಾರಿನಲ್ಲಿ ಮನೆಗೆ ಬಿಡುತ್ತಾರೆ. ಬೇಕಾಗಿರುವುದು ಜೊತೆ, ಅದಕ್ಕೆ ಕೊಡುತ್ತಿರುವ ಬೆಲೆ ಸೇವೆ. ಜೊತೆ ಬೇಕು ಅನ್ನಿಸುವುದು ತಪ್ಪೇನಲ್ಲ. ಅದನ್ನು ಬಾಯಿಬಿಟ್ಟು ಕೇಳು. ನಮ್ಮ ಮನೆಗೆ ಬಾ, ಹುಳಿಗೆ ಹಾಕುವ ಕಾಚಂಪುಳಿ ಊರಿಂದ ತಂದದ್ದಿದೆ, ಪಂದಿ ಕರಿ ಮಾಡೋಣ. ಅದಕ್ಕೋಸ್ಕರ ಹತ್ತು ಮಕ್ಕಳಿಗೆ ಸಂಡೇ ಸ್ಕೂಲ್ ಪಾಠ ಮಾಡಬೇಕಾಗಿಲ್ಲ.

ಕರೆಯುವವರೂ ಕೆಟ್ಟವರಲ್ಲ. ಇಲ್ಲಿಯ ಎಷ್ಟೋ ಚರ್ಚುಗಳಲ್ಲಿ ವಯಸ್ಸಾದವರೇ ಜಾಸ್ತಿ. ದುಡಿಯುವ ಕೈ ಕಂಡರೆ ಬಿಡುವುದಿಲ್ಲ. ಹಾಗೆ ಎಲ್ಲ ರೋಟಾದಲ್ಲೂ (ಕೆಲಸದ ಸರದಿ ಪಟ್ಟಿ) ಹೆಸರಿದ್ದವರು ಕೆಲವರು ಮೂರ್ನಾಲ್ಕು ವರ್ಷದಲ್ಲಿ ಚರ್ಚಿನ ಕಡೆಗೇ ಬರದೆ ಹೋದದ್ದನ್ನು ನೋಡಿದ್ದೇನೆ. ಜಗಳ ಆಗಿರಲಿಲ್ಲ, ನಂಬಿಕೆ ಬಿಟ್ಟೆ ಅಂತ ಯಾರೂ ಹೇಳಲೂ ಇಲ್ಲ. ದೇವರ ಮನೆಯ ಕೆಲಸ ಎಲ್ಲ ಮಾಡಿ, ದೇವರ ಹತ್ತಿರ ಕೂರುವುದು ನಿಂತುಹೋಗಿತ್ತು, ಅಷ್ಟೆ.

ಮಾರ್ಕನ ಸುವಾರ್ತೆಯ ಮೊದಲನೇ ಅಧ್ಯಾಯ ಒಂದು ಸಲ ನಿಧಾನವಾಗಿ ಓದು. ಕಪೆರ್ನೌಮಿನಲ್ಲಿ ಸಂಜೆ ಊರಿಗೆ ಊರೇ ಬಾಗಿಲ ಮುಂದೆ ಸೇರಿರುತ್ತದೆ. ಯೇಸು ಎಷ್ಟೋ ಜನರನ್ನು ವಾಸಿ ಮಾಡುತ್ತಾನೆ. ಮಾರನೇ ದಿನ ಇನ್ನೂ ಕತ್ತಲಿರುವಾಗಲೇ ಎದ್ದು, ಒಬ್ಬನೇ ಅಡವಿಯ ಕಡೆ ಹೋಗಿ ಪ್ರಾರ್ಥನೆ ಮಾಡುತ್ತಾನೆ. ಶಿಷ್ಯ ಸೀಮೋನ ಹುಡುಕಿಕೊಂಡು ಬಂದು, ಎಲ್ಲರೂ ನಿನ್ನನ್ನು ಕೇಳುತ್ತಿದ್ದಾರೆ ಅನ್ನುತ್ತಾನೆ. ಯೇಸು ವಾಪಸ್ ಹೋಗುವುದಿಲ್ಲ, ಬೇರೆ ಊರುಗಳಿಗೆ ಹೋಗೋಣ ಅನ್ನುತ್ತಾನೆ. ಜನರಿಗೆ ಬೇಕಾಗಿದ್ದದ್ದು ಸುಳ್ಳಾಗಿರಲಿಲ್ಲ, ನೋಡು. ಆದರೂ ಎಲ್ಲಿಗೆ ಹೋಗಬೇಕು ಅನ್ನುವುದು ತಂದೆಯ ಜೊತೆ ಕೂತಾಗ ತೀರ್ಮಾನವಾಯಿತು, ಬಾಗಿಲಲ್ಲಿದ್ದ ಗುಂಪಿನಿಂದ ಅಲ್ಲ. ಚರ್ಚಿನವರು ಕರೆದಾಗ ನನಗೆ ಮೊದಲು ನೆನಪಾಗುವುದು ಇದೇ.

ಇನ್ನೊಂದು ನಮ್ಮ ಬ್ರಿಸ್ಟಲ್‌ನದೇ. ಆಶ್ಲಿ ಡೌನ್ ಕಡೆ ಬಸ್ಸಿನಲ್ಲಿ ಹೋದರೆ ದೊಡ್ಡ ದೊಡ್ಡ ಕಲ್ಲಿನ ಕಟ್ಟಡಗಳು ಕಾಣುತ್ತವೆ. ಜಾರ್ಜ್ ಮುಲ್ಲರ್ ಅನಾಥ ಮಕ್ಕಳಿಗಾಗಿ ಕಟ್ಟಿಸಿದ್ದು. ಅವರೂ ನಮ್ಮ ಹಾಗೆ ಹೊರಗಿನವರೇ. ಪ್ರಷ್ಯದಲ್ಲಿ (ಈಗಿನ ಜರ್ಮನಿ) ಹುಟ್ಟಿ 1832ರಲ್ಲಿ ಈ ಊರಿಗೆ ಬಂದವರು. ಅವರ ಕಾಲದಲ್ಲಿ 10,000ಕ್ಕೂ ಹೆಚ್ಚು ಮಕ್ಕಳು ಅವರ ಅನಾಥಾಲಯಗಳಲ್ಲಿ ಬೆಳೆದರು. ಅಂಥವರು 1841ರಲ್ಲಿ ಬರೆದುಕೊಂಡದ್ದು ಏನು ಗೊತ್ತಾ? ದಿನಾ ನನ್ನ ಮೊದಲ ಕೆಲಸ ಕರ್ತನಲ್ಲಿ ನನ್ನ ಆತ್ಮ ಸಂತೋಷವಾಗಿರುವ ಹಾಗೆ ನೋಡಿಕೊಳ್ಳುವುದು, ಎಷ್ಟು ಸೇವೆ ಮಾಡಿದೆ ಅನ್ನುವುದು ಆಮೇಲೆ ಅಂತ. ಬೆಳಿಗ್ಗೆ ಎದ್ದವರೇ ಪ್ರಾರ್ಥನೆಗೆ ಒದ್ದಾಡುವುದನ್ನು ಬಿಟ್ಟು, ಮೊದಲು ವಾಕ್ಯ ಓದಿ, ಅದನ್ನೇ ಯೋಚಿಸುತ್ತಾ ಪ್ರಾರ್ಥನೆಗೆ ಇಳಿಯುತ್ತಿದ್ದರಂತೆ. ಸುಸ್ತಾದ ತಲೆಗೆ ಈ ದಾರಿ ನಿಜವಾಗಲೂ ಸುಲಭ. ಮಾತು ಹುಟ್ಟದಿದ್ದಾಗ ಸತ್ಯವೇದದ ಕೀರ್ತನೆಯೊಂದನ್ನು ಗಟ್ಟಿಯಾಗಿ ಓದಿಬಿಡು. ಕನ್ನಡದಲ್ಲೇ ಓದು. ವಾರ್ಡಿನಲ್ಲಿ ದಿನವಿಡೀ ಇಂಗ್ಲಿಷ್ ಮಾತಾಡಿ ಬಂದವಳಿಗೆ ಅದೇ ಅರ್ಧ ವಿಶ್ರಾಂತಿ.

ಬೆಳಗಿನ ಜಾವವೇ ಆಗಬೇಕು ಅಂತೇನಿಲ್ಲ. ನೈಟ್ ಮುಗಿಸಿ ಬಂದಾಗ ಸುಮ್ನೆ ತಿಂದು ಮಲಗು. ಪ್ರವಾದಿ ಎಲೀಯನು ಸಾಯಬೇಕು ಅಂತ ಮರದ ಕೆಳಗೆ ಬಿದ್ದಿದ್ದಾಗ ದೇವದೂತ ಉಪದೇಶ ಮಾಡಲಿಲ್ಲ. ರೊಟ್ಟಿ ನೀರು ಕೊಟ್ಟ, ಮತ್ತೆ ಮಲಗಲು ಬಿಟ್ಟ, ಎಬ್ಬಿಸಿ ಇನ್ನೊಮ್ಮೆ ತಿನ್ನಿಸಿದ. ಎದ್ದ ಮೇಲೆ ಮಾತ್ರ ಒಂದು ವಿಷಯದಲ್ಲಿ ಹುಷಾರು. ಊರಿನ ಗಡಿಯಾರ ನಮಗಿಂತ ಚಳಿಗಾಲದಲ್ಲಿ ಐದೂವರೆ ಗಂಟೆ ಮುಂದೆ. ನೀನು ಕಣ್ಣು ಬಿಡುವಷ್ಟರಲ್ಲಿ ಮನೆಯವರ ಮೆಸೇಜ್ ಎಲ್ಲ ಬಂದು ಕೂತಿರುತ್ತವೆ. ಅವನ್ನು ತೆರೆದರೆ ಪ್ರಾರ್ಥನೆಗೆ ಇಟ್ಟ ಅರ್ಧ ಗಂಟೆ ಹೋದಂತೆಯೇ. ಫೋನ್ ಅಡುಗೆಮನೆಯಲ್ಲಿ ಚಾರ್ಜಿಗೆ ಹಾಕು, ಪುಸ್ತಕದ ಸತ್ಯವೇದ ಹಾಸಿಗೆಯ ಹತ್ತಿರ ಇರಲಿ.

ಭಾನುವಾರದ ಆರಾಧನೆ ಮಾತ್ರ ಬಿಡಬೇಡ. ನೀನು ಸಿಎಸ್‌ಐ (ದಕ್ಷಿಣ ಭಾರತ ಸಭೆ) ಅಲ್ವಾ? ನಮ್ಮ ಸಭೆಯೂ ಇಂಗ್ಲೆಂಡಿನ ಸಭೆ ಸೇರಿರುವ ಆಂಗ್ಲಿಕನ್ ಕೂಟದಲ್ಲೇ ಇದೆ, ಇಲ್ಲಿಯ ಪ್ಯಾರಿಷ್ (ಊರಿನ) ಚರ್ಚಿನಲ್ಲಿ ಪ್ರಭು ಭೋಜನ ತೆಗೆದುಕೊಳ್ಳಬಹುದು. ಹೋಗಿ ಹಿಂದಿನ ಬೆಂಚಿನಲ್ಲಿ ಕೂತು, ಟೀ ಕುಡಿದು ಬಾ. (ಬಿಸ್ಕತ್ತು ಒಂದೇ ಕೊಡುತ್ತಾರೆ, ಎರಡು ತೆಗೆದುಕೋ.)

ಕೊಯರ್‌ನವರಿಗೆ ಹೀಗೆ ಹೇಳು: "ಪರೀಕ್ಷೆ ಮುಗಿಯಲಿ, ಈಸ್ಟರ್ ಆದ ಮೇಲೆ ನಾನೇ ಬಂದು ಹೇಳುತ್ತೇನೆ." ನೋಡೋಣ, ಪ್ರಯತ್ನ ಮಾಡುತ್ತೇನೆ ಅಂತ ನಮ್ಮ ಕಡೆಯ ದಾಕ್ಷಿಣ್ಯದ ಮಾತು ಆಡಬೇಡ, ಇಲ್ಲಿ ಅದನ್ನು ಒಪ್ಪಿಗೆ ಅಂತಲೇ ಬರೆದುಕೊಳ್ಳುತ್ತಾರೆ. ಸಂಡೇ ಸ್ಕೂಲಿಗೆ ಹೇಗೂ ಮೊದಲು ಡಿಬಿಎಸ್ ಪರಿಶೀಲನೆ (ಅಪರಾಧ ದಾಖಲೆ ಇದೆಯಾ ಅಂತ ನೋಡುವುದು) ಆಗಬೇಕು, ಅದಕ್ಕೆ ಅವಸರವಿಲ್ಲ. ಈಸ್ಟರ್ ಆದ ಮೇಲೂ ಹಾಡಬೇಕು ಅನ್ನಿಸಿದರೆ ಹಾಡು, ಒಂದೇ ಒಂದು ಕೆಲಸ ಹಿಡಿ. ಅಮ್ಮ ಕೇಳಿದರೆ ಇವತ್ತು ಯಾವ ಕೀರ್ತನೆ ಓದಿದೆ ಅಂತ ಹೇಳು. ಅವರೂ ಅಲ್ಲಿ ಅದನ್ನೇ ಓದಲಿ.