ಪ್ರೌಢಶಾಲೆಯ ಆವರಣದಲ್ಲಿರುವ ಎಲ್‌ಕೆಜಿಯ ಬಗ್ಗೆ ಪ್ರತಿಕ್ರಿಯೆ

ನಮಸ್ಕಾರ. ಪ್ರೌಢಶಾಲೆ ಮತ್ತು ಪಿಯು ಕಾಲೇಜು ಎರಡೂ ಇರುವ ಕರ್ನಾಟಕ ಪಬ್ಲಿಕ್ ಶಾಲೆಯ ಎಲ್‌ಕೆಜಿಗೆ ನಾಲ್ಕು ವರ್ಷದ ಮಗನನ್ನು ಸೇರಿಸಬಹುದೇ, ದೊಡ್ಡ ಮಕ್ಕಳ ನಡುವೆ ಅವನು ಬೆದರುವುದಿಲ್ಲವೇ ಎಂದು ಕೇಳಿದ್ದೀರಿ. ಅಂಥದೇ ಆವರಣದಲ್ಲಿ ಎರಡು ವರ್ಷ ಕಲಿತ ಮಗಳ ತಾಯಿಯಾಗಿ ಹೇಳುವುದಾದರೆ, ಖಂಡಿತ ಸೇರಿಸಬಹುದು. ಆದರೆ ಅದಕ್ಕೂ ಮೊದಲು ಒಂದು ಬೆಳಗಿನ ಹೊತ್ತು ಅಲ್ಲಿ ಕಳೆದು ಬನ್ನಿ.

ಎಲ್‌ಕೆಜಿಯಿಂದ ದ್ವಿತೀಯ ಪಿಯುಸಿವರೆಗೆ ಒಂದೇ ಕಡೆ ಕಲಿಸುವ ಉದ್ದೇಶದ ಈ ಸರ್ಕಾರಿ ಶಾಲೆಗಳು 2018-19ರಲ್ಲಿ ಆರಂಭವಾದವು. ಅನೇಕ ಕಡೆ ಕಟ್ಟಡಗಳು ಹಳೆಯವು, ದೊಡ್ಡ ಮಕ್ಕಳ ಅಳತೆಗೆ ಕಟ್ಟಿದವು. ಆದ್ದರಿಂದ ಪಠ್ಯಪುಸ್ತಕಕ್ಕಿಂತ ಮೊದಲು ಶೌಚಾಲಯವನ್ನು ನೋಡಿ. ನನ್ನ ಮಗಳ ನೀರಿನ ಬಾಟಲಿ ಮೊದಲ ತಿಂಗಳು ತುಂಬಿದಂತೆಯೇ ಮನೆಗೆ ಮರಳುತ್ತಿತ್ತು; ವಿಚಾರಿಸಿದಾಗ, ನೀರು ಕುಡಿದರೆ ಶೌಚಾಲಯಕ್ಕೆ ಹೋಗಬೇಕಾಗುತ್ತದೆ, ಅಲ್ಲಿನ ಚಿಲಕ ಕೈಗೆ ಎಟಕುವುದಿಲ್ಲ ಎಂದಳು. ನಾವು ಕೆಲವು ಪೋಷಕರು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಪ್ರಸ್ತಾಪಿಸಿದ ಮೇಲೆ, ಮಗುವಿನ ಎದೆಯ ಎತ್ತರಕ್ಕೆ ಇನ್ನೊಂದು ಚಿಲಕ ಹಾಕಿಸಿದರು. ಇಷ್ಟು ಸಣ್ಣ ಕೆಲಸಕ್ಕೆ ಒಂದು ತಿಂಗಳು ಬೇಕಾಯಿತೆಂಬ ನೋವು ನನಗೆ ಈಗಲೂ ಇದೆ.

ಪುಟ್ಟ ಮಕ್ಕಳಿಗೆ ಆಯಾ ಇದ್ದಾರೆಯೇ, ಆಟದ ಬಿಡುವು ಪ್ರೌಢಶಾಲೆಯವರ ಬಿಡುವಿಗಿಂತ ಬೇರೆ ಸಮಯಕ್ಕೆ ಇದೆಯೇ ಎಂದು ಮುಖ್ಯ ಶಿಕ್ಷಕರನ್ನು ಕೇಳಿ. ಮನೆಯ ಹತ್ತಿರ ಒಳ್ಳೆಯ ಅಂಗನವಾಡಿ ಇದ್ದರೆ ಅದನ್ನೂ ನೋಡಿ ತೀರ್ಮಾನಿಸಿ.

ದೊಡ್ಡ ಮಕ್ಕಳ ಬಗ್ಗೆ ನನಗಿದ್ದ ಭಯವಂತೂ ಬೇಗನೆ ಹೋಯಿತು. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಪ್ರತಿದಿನ ಪ್ರಾರ್ಥನೆಗೆ ಮುನ್ನ ಮಂಡಿಯೂರಿ ಕುಳಿತು ನನ್ನ ಮಗಳ ಶೂ ಲೇಸು ಕಟ್ಟುತ್ತಿದ್ದಳು.