ಮತ್ತೆ ದೀಕ್ಷಾಸ್ನಾನ ಬೇಡ, ಮೊದಲು ಅಣ್ಣನ ಮನೆಗೆ ಹೋಗಿ

ಕ್ರೈಸ್ತರಾಗುವಾಗ ನೀರಿನಿಂದ ಕೊಡುವ ದೀಕ್ಷಾಸ್ನಾನ (ಬ್ಯಾಪ್ಟಿಸಮ್) ಆಗಿ ಮೂರು ವರ್ಷವಾದರೂ ಸಿಟ್ಟು ಹೋಗಿಲ್ಲ, ಚಿತ್ರದುರ್ಗದಲ್ಲಿರುವ ಅಣ್ಣನ ಜೊತೆ ಮಾತು ಬಿಟ್ಟಿದ್ದೇನೆ, ಇನ್ನೊಂದು ಸಲ ನದಿಯಲ್ಲಿ ಮುಳುಗಿ ದೀಕ್ಷಾಸ್ನಾನ ತಗೊಂಡರೆ ಬದಲಾಗುತ್ತೇನಾ ಅಂತ ಕೇಳಿದ್ದೀರಿ. ನಾನು ಹಾಗೆ ಎರಡನೇ ಸಲ ತಗೊಂಡವನು. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ದೀಕ್ಷಾಸ್ನಾನ ಆಗಿದ್ದು 29ನೇ ವಯಸ್ಸಿನಲ್ಲಿ, ದಾವಣಗೆರೆಯಲ್ಲಿ, ಪಾಸ್ಕ (ಈಸ್ಟರ್) ಹಬ್ಬದ ಹಿಂದಿನ ರಾತ್ರಿ. ತಲೆಯ ಮೇಲೆ ಮೂರು ಸಲ ನೀರು ಸುರಿದರು. ಬಿಳಿ ಬಟ್ಟೆ ಹೊದಿಸಿದರು. ದೊಡ್ಡ ಪಾಸ್ಕ ಮೇಣದಬತ್ತಿಯಿಂದ ಹೊತ್ತಿಸಿದ ಚಿಕ್ಕ ಬತ್ತಿ ಕೈಗೆ ಕೊಟ್ಟರು. ನಾನು ಅತ್ತುಬಿಟ್ಟೆ. ಅದು ನಿಜವಾದ ಅಳು.

ಆಗ ಗೆಳೆಯನೊಬ್ಬನ ಜೊತೆ ಮಂಡಕ್ಕಿ ಭಟ್ಟಿ ನಡೆಸುತ್ತಿದ್ದೆ. ಬಂಡವಾಳ ಹೆಚ್ಚಿಗೆ ಅವನದು, ಲೆಕ್ಕ ನನ್ನದು. ಎರಡನೇ ವರ್ಷ ಮನೆಯಲ್ಲಿ ಕೈ ಕಟ್ಟಿತು. ಉರುವಲಿನ ಖರ್ಚನ್ನು ಜಾಸ್ತಿ ಬರೆಯಲು ಶುರು ಮಾಡಿದೆ. ವಾರಕ್ಕೆ 800, ಇನ್ನೊಂದು ವಾರ 1,000. ಒಂದೂವರೆ ವರ್ಷ ಹೀಗೇ ನಡೆಯಿತು. ಕೊನೆಗೆ ನಷ್ಟ ಅಂತ ಅವನು ಭಟ್ಟಿ ಮುಚ್ಚಿದ. ನಾನು ಬಾಯಿ ಬಿಡಲಿಲ್ಲ.

ರಾತ್ರಿ ನಿದ್ದೆ ಬರುತ್ತಿರಲಿಲ್ಲ. ನೀವು ಈಗ ಅಂದುಕೊಂಡಂತೆಯೇ ನಾನೂ ಅಂದುಕೊಂಡೆ: ನನಗೆ ಆದ ದೀಕ್ಷಾಸ್ನಾನ ಹಿಡಿದಿಲ್ಲ. ಪರಿಚಯದ ಒಬ್ಬರು, ತಲೆಗೆ ನೀರು ಸುರಿದರೆ ಸಾಲದು, ಪೂರ್ತಿ ಮುಳುಗಬೇಕು ಅಂದರು. ಹರಿಹರದ ಹತ್ತಿರ ತುಂಗಭದ್ರೆಯಲ್ಲಿ ಮುಳುಗಿ ಎದ್ದೆ. ಮೂರು ತಿಂಗಳು ಮನಸ್ಸು ಹಗುರವಾಗಿತ್ತು. ಒಂದು ಸಂಜೆ ದೋಸೆ ಹೋಟೆಲಿಗೆ ಹೋದಾಗ ಆ ಗೆಳೆಯ ಒಳಗೆ ಕೂತಿದ್ದ. ನಾನು ಬಾಗಿಲಿಂದಲೇ ವಾಪಸ್ ಬಂದೆ.

ನನ್ನ ತಪ್ಪು ಎಲ್ಲಿತ್ತು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಎಲ್ಲರೂ ಕದ್ದದ್ದೇ ತಪ್ಪು ಅಂದುಕೊಳ್ಳುತ್ತಾರೆ. ಕದ್ದದ್ದು ಪಾಪ, ಸರಿ. ಆದರೆ ನನ್ನ ಐದು ವರ್ಷ ತಿಂದದ್ದು ಬೇರೆ. ನನಗೆ ಕ್ಷಮೆ ಬೇಕಿರಲಿಲ್ಲ, ಹೊಸ ಹೆಸರು ಬೇಕಿತ್ತು. ಮತ್ತೆ ಮುಳುಗಿದರೆ ಹಳೆಯವನು ಸತ್ತ, ಅವನ ಸಾಲವೂ ಸತ್ತಿತು ಅಂತ ಲೆಕ್ಕ ಹಾಕಿದ್ದೆ. ನದಿಗೆ ಇಳಿಯುವಾಗ ಮೊದಲೇ ದೀಕ್ಷಾಸ್ನಾನ ಆಗಿದೆ ಅಂತ ಹೇಳಿದೆ. ಗೆಳೆಯನ ದುಡ್ಡಿನ ವಿಷಯ ಮಾತ್ರ ಹೇಳಲಿಲ್ಲ. ದೇವರ ಹತ್ತಿರವೂ 'ನನ್ನ ಪಾಪಗಳು' ಅಂತ ಒಟ್ಟಾಗಿ ಹೇಳುತ್ತಿದ್ದೆ. ಉರುವಲು, ದುಡ್ಡು, ಗೆಳೆಯನ ಹೆಸರು, ಈ ಮೂರು ಮಾತು ನನ್ನ ಪ್ರಾರ್ಥನೆಯಲ್ಲಿ ಒಂದು ದಿನವೂ ಬರಲಿಲ್ಲ. ಫಾದರ್ ಹತ್ತಿರ ಪಾಪ ಹೇಳಿಕೊಳ್ಳುವ ಪಾಪನಿವೇದನೆಗೆ ಹೋದರೆ ಅದನ್ನು ಬಾಯಿಬಿಟ್ಟು ಹೇಳಬೇಕಲ್ವಾ? ಅದಕ್ಕೇ ಹೋಗಲಿಲ್ಲ. ನೀರಾದರೆ ಏನೂ ಕೇಳುವುದಿಲ್ಲ.

ದೀಕ್ಷಾಸ್ನಾನ ಒಂದೇ ಸಲ. ನಮ್ಮ ನಂಬಿಕೆಯನ್ನು ಸಾರಿ ಹೇಳುವ ಪ್ರಾರ್ಥನೆಯಾದ ವಿಶ್ವಾಸಪ್ರಮಾಣದಲ್ಲೇ ಪಾಪಪರಿಹಾರಕ್ಕೆ ಒಂದೇ ದೀಕ್ಷಾಸ್ನಾನ ಅಂತ ಹೇಳುತ್ತೇವೆ. ಅದು ಹಾಕಿದ ಗುರುತು ಅಳಿಯುವುದಿಲ್ಲ, ನಾವು ಎಷ್ಟು ಕೆಟ್ಟರೂ. ಅಲ್ಲಿಯವರೆಗಿನ ಪಾಪವೆಲ್ಲ ಹೋಗುತ್ತದೆ. ಆದರೆ ಪಾಪದ ಕಡೆ ವಾಲುವ ಮನಸ್ಸು ಉಳಿಯುತ್ತದೆ, ಅದರ ಜೊತೆ ಹೋರಾಡುತ್ತಲೇ ಇರಬೇಕು ಅಂತ ನಮ್ಮ ಕಥೋಲಿಕ ಧರ್ಮಸಭೆಯೇ (ಚರ್ಚೇ) ಕಲಿಸುತ್ತದೆ. ನಿಮ್ಮ ಸಿಟ್ಟು ಹೋಗದಿರುವುದು ದೀಕ್ಷಾಸ್ನಾನ ಸೋತಿದ್ದಕ್ಕೆ ಸಾಕ್ಷಿ ಅಲ್ಲ. ಹಾಗಾಗಿ 'ಮತ್ತೆ ತಗೊಳ್ಳಲಾ' ಎಂಬ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ.

ನನ್ನನ್ನು ಎಬ್ಬಿಸಿದ್ದು ಒಂದು ಪಟ. ದೀಕ್ಷಾಸ್ನಾನದ ದಿನ ಯಾರೋ ಕೊಟ್ಟಿದ್ದರು, ಮನೆಯಲ್ಲಿ ತೂಗುಹಾಕಿದ್ದೆವು. ಪೋಲೆಂಡಿನ ಸಿಸ್ಟರ್ ಫೌಸ್ತಿನಾ ಅವರಿಗೆ 1931ರಲ್ಲಿ ಆದ ದರ್ಶನದಂತೆ ಬರೆಸಿದ ದೈವಕರುಣೆಯ ಯೇಸುವಿನ ಚಿತ್ರ. ಎದೆಯಿಂದ ಎರಡು ಕಿರಣ, ಒಂದು ಬಿಳುಪು, ಒಂದು ಕೆಂಪು. ನೀರು ಮತ್ತು ರಕ್ತ. ಪೋಪ್ ಎರಡನೇ ಜಾನ್ ಪಾಲ್ ಅವರು 2000ದಲ್ಲಿ ಪಾಸ್ಕದ ಮುಂದಿನ ಭಾನುವಾರವನ್ನು ದೈವಕರುಣೆಯ ಭಾನುವಾರ ಎಂದು ಸಾರಿದರು. ಅವತ್ತು ಓದುವ ಶುಭಸಂದೇಶ (ಬೈಬಲಿನಲ್ಲಿ ಯೇಸುವಿನ ಕಥೆ) ಯೊವಾನ್ನರು ಬರೆದದ್ದರ 20ನೇ ಅಧ್ಯಾಯ. ಅಂಥ ಒಂದು ಭಾನುವಾರ ಹೆಂಡತಿಯ ಬಲವಂತಕ್ಕೆ ಚರ್ಚಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಎದ್ದು ಬಂದ ಯೇಸು ಶಿಷ್ಯರಿಗೆ ಪಾಪ ಕ್ಷಮಿಸುವ ಅಧಿಕಾರ ಕೊಡುತ್ತಾರೆ, ಎಂಟು ದಿನ ಬಿಟ್ಟು, ನಂಬದಿದ್ದ ಶಿಷ್ಯ ತೋಮನಿಗೆ ಶಿಲುಬೆಯ ಗಾಯ ತೋರಿಸುತ್ತಾರೆ. ಎಷ್ಟೋ ಸಲ ಕೇಳಿದ್ದೆ. ಅವತ್ತು ತಟ್ಟಿತು: ಸಾವನ್ನೇ ಗೆದ್ದು ಬಂದವರ ಮೈಮೇಲೆ ಗಾಯಗಳು ಹಾಗೇ ಇದ್ದವು. ಹೊಸ ಜೀವ ಬಂತು, ಗಾಯ ಅಳಿಸಲಿಲ್ಲ. ನಾನು ಮಾತ್ರ ನನ್ನ ಗೆಳೆಯನಿಗೆ ಮಾಡಿದ ಗಾಯವನ್ನು ಅಳಿಸಿಬಿಡಿ ಅಂತ ಕೇಳುತ್ತಿದ್ದೆ.

ಪಾಪನಿವೇದನೆ ಮಾಡಿದೆ. ಮೂರೂ ಮಾತು ಹೇಳಿದೆ. ಫಾದರ್ ಬೈಯಲಿಲ್ಲ. "ಅವರು ಇದೇ ಊರಲ್ಲಿದ್ದಾರಾ?" ಅಂತ ಕೇಳಿದರು. ಹೌದು ಅಂದೆ. "ಹಾಗಾದರೆ ದುಡ್ಡು ಅವರಿಗೆ ಸೇರಬೇಕು" ಅಂದರು. ಆಮೇಲೆ ನನ್ನ ತಲೆಯ ಮೇಲೆ ಕೈ ಚಾಚಿ ಕ್ಷಮೆಯ ಮಾತು ಹೇಳಿದರು. ಪಾಸ್ಕದ ರಾತ್ರಿಯ ಆ ಅಳು ಮತ್ತೆ ಬಂತು. ಅದೇ ನೀರು ಇನ್ನೂ ಆರಿರಲಿಲ್ಲ ಅನ್ನಿಸಿತು.

ಗೆಳೆಯನ ಮನೆಗೆ ಹೋಗಿ, ಕದ್ದದ್ದು 68,000 ಅಂದೆ. ಅವನು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಅಟ್ಟದಿಂದ ಹಳೇ ಲೆಕ್ಕದ ಪುಸ್ತಕ ಇಳಿಸಿ, "ಕೂತ್ಕೋ, ಕೂಡಿ ನೋಡೋಣ" ಅಂದ. ಇಬ್ಬರೂ ಕೂಡಿದೆವು. 74,000 ಬಂತು. ತಿಂಗಳಿಗೆ 2,000ದಂತೆ 37 ತಿಂಗಳು ಕೊಟ್ಟೆ. ಅವನು ಮೊದಲಿನಂತೆ ಇಲ್ಲ. ಕಳೆದ ವರ್ಷ ಮಗಳ ಮದುವೆಗೆ ಮಾತ್ರ ಮನೆಗೆ ಬಂದು ಕರೆದ.

ನಿಮ್ಮ ಪ್ರಶ್ನೆಯಲ್ಲಿ ಸಿಟ್ಟಿನ ಬಗ್ಗೆ ಹತ್ತು ಸಾಲು ಇದೆ, ಅಣ್ಣನ ಬಗ್ಗೆ ಒಂದೇ ಸಾಲು. ನನ್ನ ಪ್ರಕಾರ ವಿಷಯ ಆ ಒಂದು ಸಾಲಿನಲ್ಲೇ ಇದೆ. ಪಾಪನಿವೇದನೆಗೆ ಹೋಗಿ, ಅಣ್ಣನ ಹೆಸರು ಹಿಡಿದೇ ಹೇಳಿ. ಭಾನುವಾರ ಪೂಜೆ ಮುಗಿದ ಮೇಲೆ ಚಿತ್ರದುರ್ಗದ ಬಸ್ ಹತ್ತಿ. ಮೊದಲು ಫೋನ್ ಮಾಡಬೇಡಿ. ಅವರು ಬೇಡ ಅಂದರೆ ಅದೇ ನಿಮಗೆ ನೆಪ ಆಗುತ್ತದೆ. ನಾನು ಹಾಗೆ ಫೋನ್ ಮಾಡಿಯೇ ನಾಲ್ಕು ತಿಂಗಳು ಕಳೆದಿದ್ದೆ.